ಗಾಜಿನ ಪಾಟಿಯ ಮೇಲೆ ಮೊದಲ ಗೆರೆ



ಕಳೆದ ಮಳೆಗಾಲದಲ್ಲಿ ಬಂಟ್ವಾಳ ತಾಲ್ಲೂಕಿನಿಂದ ನಮ್ಮ ಓದುಗರಾದ ತಾಯಿಯೊಬ್ಬರು ಈ ಅಂಕಣಕ್ಕೆ ಒಂದು ಪತ್ರವನ್ನು ಬರೆದಿದ್ದರು. ಅವರ ಯಜಮಾನರು ಹಾವೇರಿ ಕಡೆಯವರು. ನೌಕರಿಯಲ್ಲಿ ವರ್ಗವಾಗಿ ಬಿ.ಸಿ. ರೋಡಿಗೆ ಬಂದವರು ಅಲ್ಲಿಯೇ ಮನೆ ಮಾಡಿಕೊಂಡು ನೆಲೆಸಿದ್ದಾರೆ. ಮಗಳು ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ.ಗೆ ಸೇರಿದ್ದಾಳೆ. 2020ರಲ್ಲಿ ಕೊರೋನಾ ಹಾವಳಿಯಿಂದ ಶಾಲೆಗಳು ಮುಚ್ಚಿದಾಗ ಪಾಠ ಕೇಳಲೆಂದು ಕೊಡಿಸಿದ್ದ ಟ್ಯಾಬ್ಲೆಟ್ ಒಂದು, ಆ ಬಳಿಕ ಬೀರುವಿನೊಳಗೆ ಬಟ್ಟೆಗಳ ಅಡಿಯಲ್ಲಿ ಬಿದ್ದಿತ್ತು. ಈಗ ಮಗಳು ಅದನ್ನು ಹೊರತೆಗೆದು, ಊಟ ನಿದ್ರೆಗಳ ಪರಿವೆಯಿಲ್ಲದೆ ಅದರ ಮೇಲೆ ಚಿತ್ರ ಬಿಡಿಸುತ್ತಿದ್ದಾಳೆ. ‘ಇದು ವಿದ್ಯೆಯೋ ಕಾಲಹರಣವೋ ತಿಳಿಯದಾಗಿದೆ. ಕಾಗದದ ಮೇಲೆ ಬರೆಯುತ್ತಿದ್ದಾಗ ಒಂದೆರಡು ಚಿತ್ರಗಳಾದರೂ ಗೋಡೆಗೆ ಬರುತ್ತಿದ್ದವು. ಆರು ತಿಂಗಳಿನಿಂದ ಒಂದು ಚಿತ್ರವನ್ನೂ ನಾವು ಕಂಡಿಲ್ಲ. ಇವರು ಕಸಿದಿಡು ಎನ್ನುತ್ತಾರೆ. ನನಗೆ ಮನಸ್ಸು ಬಾರದು’ ಎಂದು ಆ ತಾಯಿ ಬರೆದಿದ್ದರು.

ಇಂಥ ಪತ್ರಗಳಿಗೆ ಕುಳಿತಲ್ಲಿಂದಲೇ ಬುದ್ಧಿವಾದ ಬರೆದು ಕಳಿಸುವುದು ಸುಲಭ. ನಾವೂ ಮೊದಲು ಹಾಗೆಯೇ ಮಾಡಿ ನಾಲ್ಕು ಸಾಲಿನ ಉತ್ತರ ಹಾಕಿ ಸುಮ್ಮನಾಗಿದ್ದೆವು. ಆದರೆ ಕಾರ್ತಿಕ ಮಾಸದಲ್ಲಿ ಮಂಗಳೂರಿನಲ್ಲೊಂದು ಮದುವೆಯ ನಿಮಿತ್ತ ಆ ಕಡೆಗೆ ಹೋಗುವ ಪ್ರಸಂಗ ಬಂದಿತು. ಆ ದಂಪತಿಗಳು ಒತ್ತಾಯಪೂರ್ವಕವಾಗಿ ಕರೆದೊಯ್ದರು. ನಾಲ್ಕು ದಿನ ಅವರ ಮನೆಯಲ್ಲಿಯೇ ಉಳಿದೆವು. ಹುಡುಗಿ ಸಂಕೋಚದಿಂದಲೇ ತನ್ನ ಟ್ಯಾಬ್ಲೆಟ್ಟನ್ನು ನಮ್ಮ ಮುಂದಿಟ್ಟಳು. ಅದರಲ್ಲಿ ಆರಂಭಿಸಿದ ಚಿತ್ರಗಳು ಅರವತ್ತಕ್ಕೂ ಮೇಲ್ಪಟ್ಟು ಇದ್ದವು. ಒಂದರಲ್ಲಿ ಕಣ್ಣು ಮಾತ್ರ, ಇನ್ನೊಂದರಲ್ಲಿ ಅರ್ಧ ಮುಖ, ಮತ್ತೊಂದರಲ್ಲಿ ಎಳೆ ಎಳೆಯಾಗಿ ಬಿಡಿಸಿದ ಜಡೆಯೊಂದು ತಲೆಯಿಲ್ಲದೆ ತೂಗುತ್ತಿತ್ತು. ಮುಗಿದದ್ದು ಒಂದೂ ಇರಲಿಲ್ಲ. ತಾಯಿಯ ದೂರು ನಿಜವಾಗಿತ್ತು. ಆದರೆ ರೋಗವು ಅವರು ತಿಳಿದಲ್ಲಿ ಇರಲಿಲ್ಲ.

ನಾವು ಚಿತ್ರಕಾರರಲ್ಲ. ಪತ್ರಿಕೆಯ ಮುಖಪುಟಕ್ಕೆ, ಕಥೆಗಳಿಗೆ ಚಿತ್ರ ಬರೆಸುವ ಕೆಲಸದಲ್ಲಿ ಅನೇಕ ಕಲಾವಿದರ ಕೈಯನ್ನು ಹತ್ತಿರದಿಂದ ಕಂಡವರು, ಅಷ್ಟೆ. ಆ ಅನುಭವದಿಂದ ಹೇಳುವುದಾದರೆ, ಪರದೆಯ ಮೇಲೆ ಲೇಖನಿಯಿಂದ ಗೆರೆ ಎಳೆಯುವ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೇರಿಕೆಯ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ 1963ರಲ್ಲಿಯೇ ಬೆಳಕಿನ ಲೇಖನಿಯಿಂದ ಗಣಕಯಂತ್ರದ ಪರದೆಯ ಮೇಲೆ ರೇಖೆಗಳನ್ನು ಮೂಡಿಸಿ ತೋರಿಸಿದ್ದರು. 1937ರಲ್ಲಿ ಹುಟ್ಟಿದ ಇಂಗ್ಲೆಂಡಿನ ಪ್ರಖ್ಯಾತ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2009ರಲ್ಲಿ, ಮೊಬೈಲಿನ ಮೇಲೆ ಬೆರಳಿನಿಂದ ಹೂಗಳನ್ನು ಬಿಡಿಸಿ ಗೆಳೆಯರಿಗೆ ಕಳುಹಿಸತೊಡಗಿದರು. ಮರುವರ್ಷ ಐಪ್ಯಾಡ್ ಹಿಡಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಇಗರ್ಜಿಯಲ್ಲಿ 2018ರಲ್ಲಿ ಅನಾವರಣಗೊಂಡ ಬಣ್ಣದ ಗಾಜಿನ ದೊಡ್ಡ ಕಿಟಕಿಯನ್ನು ಅವರು ರೂಪಿಸಿದ್ದು ಆ ಗಾಜಿನ ಪಾಟಿಯ ಮೇಲೆಯೇ. ಈ ಸಂಗತಿಯನ್ನು ಕೇಳಿದ ಮೇಲೆ ‘ಇದು ಹುಡುಗಾಟಿಕೆಯ ಸಾಮಾನು’ ಎಂಬ ಮಾತನ್ನು ಯಜಮಾನರು ಹಿಂದಕ್ಕೆ ತೆಗೆದುಕೊಂಡರು.

ಆದರೆ ಹಾಕ್ನಿಯವರ ಕೈ ಅದಕ್ಕೂ ಮುನ್ನ ಅರ್ಧ ಶತಮಾನಕ್ಕೂ ಮಿಗಿಲಾಗಿ ಕಾಗದದ ಮೇಲೆ, ಬಟ್ಟೆಯ ಮೇಲೆ ಪಳಗಿದ್ದು. ಹೊಸದಾಗಿ ಕಲಿಯುವವರಿಗೆ ಈ ಪಾಟಿಯು ಒಡ್ಡುವ ಆಮಿಷ ಬೇರೆಯೇ. ಕಾಗದದ ಮೇಲೆ ತಪ್ಪು ಗೆರೆ ಬಿದ್ದರೆ ಅದನ್ನು ಹೇಗಾದರೂ ಚಿತ್ರಕ್ಕೆ ಹೊಂದಿಸಿಕೊಂಡು ಮುಂದೆ ಹೋಗುತ್ತೇವೆ. ಇಲ್ಲಿ ಹಿಂದಕ್ಕೆ ತಿರುಗಿದ ಬಾಣದ ಗುರುತನ್ನು ಒತ್ತಿದರೆ ಗೆರೆ ಮಾಯ! ಮತ್ತೆ ಎಳೆಯುವುದು, ಮತ್ತೆ ಒತ್ತುವುದು. ಹುಡುಗಿ ಒಂದು ಮೂಗಿನ ಗೆರೆಯನ್ನು ನಮ್ಮ ಕಣ್ಣೆದುರಿಗೇ ಇಪ್ಪತ್ತಾರು ಸಲ ಎಳೆದಳು, ನಾವು ಎಣಿಸಿದೆವು. ಕೊನೆಯದು ಮೊದಲಿನದಕ್ಕಿಂತ ಒಳ್ಳೆಯದೆಂದು ನಮಗೇನೂ ಅನಿಸಲಿಲ್ಲ. ಇನ್ನೊಂದು ಮೋಸವೆಂದರೆ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೋಡುವುದು. ಉಗುರಿನಷ್ಟು ಜಾಗವನ್ನು ಪರದೆಯ ತುಂಬ ಹಿಗ್ಗಿಸಿ ರೆಪ್ಪೆಯ ಕೂದಲುಗಳನ್ನು ಒಂದೊಂದಾಗಿ ಬಿಡಿಸಿ, ಆಮೇಲೆ ಕುಗ್ಗಿಸಿ ನೋಡಿದರೆ ಕಣ್ಣು ಕೆನ್ನೆಯ ಮೇಲೆ ಕುಳಿತಿರುತ್ತದೆ. ಕುಂಚಗಳೋ, ನೂರಾರು, ಅವುಗಳನ್ನು ಬದಲಾಯಿಸುವುದರಲ್ಲಿಯೇ ಸಂಜೆ ಕಳೆದುಹೋಗುತ್ತದೆ.

ಸಾಮಗ್ರಿಯ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇವೆ, ಏಕೆಂದರೆ ಅದರಲ್ಲಿ ನಾವೇ ಎಡವಿದ್ದೇವೆ. ಹುಡುಗಿಯ ಬಳಿ ಇದ್ದದ್ದು ತುದಿಗೆ ರಬ್ಬರು ಇರುವ ಅಗ್ಗದ ಲೇಖನಿ. ಅದು ಬೆರಳಿಗೆ ಬದಲಿ ಮಾತ್ರ. ಒತ್ತಿ ಎಳೆದರೂ ಹಗುರಾಗಿ ಎಳೆದರೂ ಗೆರೆ ಒಂದೇ ದಪ್ಪ. ನಾವು ಉಡುಗೊರೆಯೆಂದು ಪೇಟೆಯಿಂದ ಬೆಲೆಯುಳ್ಳ ಲೇಖನಿಯೊಂದನ್ನು ಕೊಂಡೊಯ್ದಿದ್ದೆವು. ಅದು ಆ ಟ್ಯಾಬ್ಲೆಟ್ಟಿಗೆ ಹೊಂದಲೇ ಇಲ್ಲ! ಒತ್ತಡವನ್ನು ಅರಿಯುವ ಲೇಖನಿಯು ಆಯಾ ಸಾಧನಕ್ಕೆ ಜೋಡಿಯಾಗಿಯೇ ತಯಾರಾಗಿರಬೇಕು ಎಂಬುದನ್ನು ನಾವು ಕೊಳ್ಳುವ ಮೊದಲು ಕೇಳಿ ತಿಳಿಯಬೇಕಾಗಿತ್ತು. ಕಡೆಗೆ ಹಳೆಯ ರಬ್ಬರಿನ ಲೇಖನಿಯಿಂದಲೇ ಎಲ್ಲ ಕೆಲಸವೂ ನಡೆಯಿತು. ಕೈಯ ಅಂಗೈ ಗಾಜಿಗೆ ತಗಲಿ ಬೇಡದ ಗೆರೆಗಳು ಬೀಳುವಲ್ಲಿ, ಹಳೆಯ ಹತ್ತಿಯ ಕೈಗವಸಿನ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಕತ್ತರಿಸಿ ತೊಟ್ಟರೆ ಕೈ ಜಾರಲು ಅನುಕೂಲ. ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಐಬಿಸ್ ಪೇಂಟ್, ಸ್ಕೆಚ್‌ಬುಕ್, ಕ್ರಿಟಾ ಎಂಬವು ದುಡ್ಡು ಕೊಡದೆ ಆರಂಭಿಸಲು ಸಾಕು. ಪ್ರೊಕ್ರಿಯೇಟ್ ಎಂಬುದು ಐಪ್ಯಾಡ್ ಉಳ್ಳವರಿಗೆ ಮಾತ್ರ. ಹೊಸ ಟ್ಯಾಬ್ಲೆಟ್ ಕೊಡಿಸುವ ಆತುರ ಬೇಡವೆಂದು ತಂದೆಗೆ ಹೇಳಿದೆವು. ಅವರಿಗೆ ಆ ಮಾತು ಬಹಳ ಹಿಡಿಸಿತು.

ಹುಡುಗಿಗೆ ನಾವು ಹಾಕಿದ ಕಟ್ಟಳೆ ಇಷ್ಟು: ಒಂದು ದಿನ ಒಂದು ಚಿಕ್ಕ ಚಿತ್ರ; ಅದು ಅಂದೇ ಮುಗಿಯಬೇಕು, ಮುಗಿದ ಚಿತ್ರವನ್ನು ಯಾರಿಗಾದರೂ ಕೊಡಬೇಕು. ‘ಚೆನ್ನಾಗಿ ಬರದಿದ್ದರೆ, ಕಾಕಾ?’ ಎಂದು ಕೇಳಿದಳು. ಬರದಿದ್ದರೂ ಕೊಡಬೇಕು ಎಂದೆವು.

ಮೊದಲ ದಿನ ಅಂಗಳದ ಗೂಟಕ್ಕೆ ತೂಗುಹಾಕಿದ್ದ ಮುಟ್ಟಾಳೆಯೇ ವಿಷಯವಾಯಿತು. ಘಟ್ಟದ ಮೇಲಿನ ನಮ್ಮ ಓದುಗರಿಗಾಗಿ ಹೇಳುವುದಾದರೆ, ಅಡಿಕೆಯ ಹಾಳೆಯನ್ನು ಮಡಚಿ ಹೊಲಿದು ತೋಟದ ಕೆಲಸದವರು ತಲೆಗೆ ಇಟ್ಟುಕೊಳ್ಳುವ ಟೊಪ್ಪಿಗೆಯದು. ಕಪ್ಪು ಬಣ್ಣ ಒಂದೇ, ಕುಂಚ ಒಂದೇ, ಹಿಗ್ಗಿಸುವಂತಿಲ್ಲ, ಹಿಂದಕ್ಕೆ ಒತ್ತುವಂತಿಲ್ಲ. ಮೊದಲ ಹತ್ತು ನಿಮಿಷ ಆಕೆಗೆ ಅಳುವೇ ಬಂದಿತು. ಬಳಿಕ ಮಡಿಕೆಯ ಗೆರೆ ಎಲ್ಲಿಂದ ಹೊರಟು ಎಲ್ಲಿ ಮುಚ್ಚಿಹೋಗುತ್ತದೆ ಎಂಬುದನ್ನು ಮುಟ್ಟಾಳೆಯನ್ನೇ ನೋಡಿ ಹುಡುಕತೊಡಗಿದಳು. ಅಲ್ಲಿಯವರೆಗೆ ಆಕೆಯ ಕಣ್ಣು ಪರದೆಯ ಮೇಲಷ್ಟೇ ಇತ್ತು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ಕುಣಿಯುವ ದೇಹಗಳನ್ನು ನಿಲ್ಲಿಸಿದವರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ ಹಾಡುವ ರೇಖೆ ಎಂಬರ್ಥದ ಹೆಸರೇ ಇದೆ. ಅಂಥ ಗೆರೆ ಒಂದು ದಿನಕ್ಕೆ ಬರುವುದಿಲ್ಲ. ಆದರೂ ಸಂಜೆಗೆ ಮುಟ್ಟಾಳೆ ಮುಗಿಯಿತು. ಸ್ವಲ್ಪ ಸೊಟ್ಟಗಿತ್ತು. ಪಕ್ಕದ ತೋಟದಲ್ಲಿ ಅಡಿಕೆ ಕೊಯ್ಯುವ ಹಿರಿಯರ ಮೊಬೈಲಿಗೆ ಅದು ಹೋಯಿತು. ಅವರು ಅದನ್ನು ತಮ್ಮ ಮೊಬೈಲಿನ ಮೊಗದ ಮೇಲೆಯೇ ಇಟ್ಟುಕೊಂಡರು.

ಎರಡನೆಯ ದಿನ ಬೆಳಗಿನ ಜಾವದಲ್ಲಿ ಎಲ್ಲರೂ ಕೂಡಿ ಪುಂಜಾಲಕಟ್ಟೆಯ ಮಾರ್ಗವಾಗಿ ಬೆಳ್ತಂಗಡಿಗೆ ಹೊರಟೆವು. ಧರ್ಮಸ್ಥಳದ ದರ್ಶನ ಮನೆಯವರ ಉದ್ದೇಶ, ನಮ್ಮದು ಗಡಾಯಿಕಲ್ಲು. ಬೆಳ್ತಂಗಡಿಯ ಸಮೀಪ ಬಂದಂತೆ ಆ ಒಂಟಿ ಬಂಡೆ ಬಯಲಿನಿಂದ ಎದ್ದು ನಿಂತಿರುವುದು ಕಾಣುತ್ತದೆ. ಅದರ ನೆತ್ತಿಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಜಮಲಾಬಾದ್ ಕೋಟೆಯ ಅವಶೇಷಗಳಿವೆ. ಬೆಳಗಿನ ಮಂಜಿನಲ್ಲಿ ಅದು ಅರ್ಧ ಕಂಡು ಅರ್ಧ ಅಡಗಿತ್ತು. ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ ಹುಡುಗಿಯನ್ನು ಕೂಡಿಸಿದೆವು.

ಟ್ಯಾಬ್ಲೆಟ್ಟಿನ ನಿಜವಾದ ವಿಶೇಷವು ಇಲ್ಲಿಯೇ ತಿಳಿಯುವಂಥದು. ಅದರಲ್ಲಿ ಚಿತ್ರವನ್ನು ಪದರ ಪದರವಾಗಿ ಬಿಡಿಸಬಹುದು. ನಕ್ಷೆ ಬರೆಯುವವರು ಬೆಣ್ಣೆಕಾಗದದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರಲ್ಲವೇ, ಹಾಗೆ. ಕೆಳಗಿನ ಪದರ ಆಕಾಶಕ್ಕೆ, ಅದರ ಮೇಲಿನದು ದೂರದ ಪಶ್ಚಿಮ ಘಟ್ಟದ ಸಾಲಿಗೆ, ಬಳಿಕ ಗಡಾಯಿಕಲ್ಲು, ಬಳಿಕ ತೋಟದ ಅಡಿಕೆಯ ತಲೆಗಳು, ಎಲ್ಲಕ್ಕೂ ಮೇಲೆ ನಮ್ಮ ಸಮೀಪದ ತಂತಿಕಂಬ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುವುದಿಲ್ಲ. ಬೇಕಾದ ಪದರವನ್ನು ಸರಿಸಬಹುದು, ಮರೆಮಾಡಬಹುದು, ತಿಳಿಯಾಗಿಸಬಹುದು. ಆಕೆ ಮೊದಲು ಬಂಡೆಗೆ ಅಚ್ಚಗಪ್ಪನ್ನೇ ತುಂಬಿದಳು. ಅದು ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣಿಸಿತು. ‘ಎದುರಿನ ತಂತಿಕಂಬವನ್ನೂ ಆ ಬಂಡೆಯನ್ನೂ ಒಟ್ಟಿಗೆ ನೋಡು, ಯಾವುದು ಕಪ್ಪು?’ ಎಂದು ಕೇಳಿದೆವು. ನೋಡಿದಳು. ಬಂಡೆ ಕಪ್ಪಾಗಿರಲೇ ಇಲ್ಲ, ನೀಲಿ ಬೆರೆತ ಬೂದಿಯ ಬಣ್ಣದ್ದಾಗಿತ್ತು. ಘಟ್ಟದ ಸಾಲು ಅದಕ್ಕಿಂತ ತಿಳಿ. ದೂರ ಹೆಚ್ಚಿದಂತೆ ನಡುವೆ ಗಾಳಿಯೂ ತೇವವೂ ಹೆಚ್ಚಿ, ಅವು ಚದರಿಸಿದ ಬೆಳಕು ನಮ್ಮ ಕಣ್ಣಿಗೂ ಬೆಟ್ಟಕ್ಕೂ ನಡುವೆ ಪರದೆಯಂತೆ ತುಂಬಿಕೊಳ್ಳುತ್ತದೆ. ಆದ್ದರಿಂದ ದೂರದ್ದು ತಿಳಿ, ಹತ್ತಿರದ್ದು ಗಾಢ. ಪದರಗಳನ್ನು ಒಂದೊಂದಾಗಿ ತಿಳಿಯಾಗಿಸುತ್ತ ಹೋದಂತೆ ಆ ಪಾಟಿಯೊಳಗೆ ಬಯಲು ಹಿಂದಕ್ಕೆ ಸರಿಯಿತು, ಬಂಡೆ ತನ್ನ ಜಾಗದಲ್ಲಿ ನಿಂತಿತು. ಗಾಡಿಯೊಳಗೆ ತೂಕಡಿಸುತ್ತಿದ್ದ ತಂದೆ ಇಳಿದು ಬಂದು, ಒಮ್ಮೆ ಬೆಟ್ಟವನ್ನು, ಒಮ್ಮೆ ಪಾಟಿಯನ್ನು ನೋಡಿ, ಏನೂ ಮಾತಾಡದೆ ಕನ್ನಡಕ ಒರೆಸಿಕೊಂಡರು. ಆ ಚಿತ್ರ ಅವರಿಗೇ ಸಂದಿತು.

ಸಂಜೆ ಮನೆಯಲ್ಲಿ ಯಜಮಾನರು ತಮ್ಮ ನಿಜವಾದ ಚಿಂತೆಯನ್ನು ಹೊರಗೆಡಹಿದರು. ‘ಈಗ ಬಾಯಿಮಾತಿನಲ್ಲಿ ಹೇಳಿದರೆ ಯಂತ್ರವೇ ಕ್ಷಣದಲ್ಲಿ ಚಿತ್ರ ಬರೆದು ಕೊಡುತ್ತದೆ. ಇವಳು ವರ್ಷಗಟ್ಟಲೆ ಕಲಿತು ಏನು ಮಾಡಬೇಕು?’ ಪ್ರಶ್ನೆ ಹುಸಿಯಲ್ಲ. 2022ರಿಂದ ಈಚೆಗೆ ಅಂಥ ಯಂತ್ರಬುದ್ಧಿ ಎಲ್ಲರ ಕೈಗೆ ಎಟುಕುವಂತಾಗಿದೆ. ಆಮಂತ್ರಣದ ಅಂಚು, ಜಾಹೀರಾತಿನ ಹೂಬಳ್ಳಿಯಂಥ ಚಿಕ್ಕ ಕೆಲಸಗಳಿಂದ ದುಡಿಯುವವರಿಗೆ ಅದರ ಬಿಸಿ ತಟ್ಟದಿರದು. ಇದನ್ನು ಮುಚ್ಚಿಟ್ಟು ‘ಕಲೆಗೆ ಅಳಿವಿಲ್ಲ’ ಎಂದು ಹೇಳುವುದು ನಮಗೆ ಸರಿದೋರಲಿಲ್ಲ. ಹುಡುಗಿಯೇ ಎದ್ದು, ತನ್ನ ಅಜ್ಜಿಯ ಊರಿನ ಬಾವಿಯ ಚಿತ್ರವನ್ನು ಆ ಯಂತ್ರದಿಂದ ತರಿಸಿ ತೋರಿಸಿದಳು. ಬಾವಿ ಚೆಲುವಾಗಿಯೇ ಬಂದಿತ್ತು. ಆದರೆ ಅದು ಯಾರ ಊರಿನದೂ ಅಲ್ಲದ ಬಾವಿ. ಅಜ್ಜಿಯ ಬಾವಿಯನ್ನು ಯಂತ್ರ ಕಂಡಿಲ್ಲ, ಇವಳು ಕಂಡಿದ್ದಾಳೆ. ತಂದೆಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಯಿತೆಂದು ನಾವು ಹೇಳಲಾರೆವು. ನಮಗೂ ಅದು ಪೂರ್ತಿ ಉತ್ತರವೆನಿಸಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಪಿ.ಯು.ಸಿ. ಆದ ಮೇಲೆ ದೃಶ್ಯಕಲೆಯ ಪದವಿಗೆ ಮೂಡುಬಿದಿರೆಯ ಆಳ್ವಾಸ್, ಮಂಗಳೂರಿನ ಮಹಾಲಸಾ, ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ ಮುಂತಾದೆಡೆ ಅವಕಾಶವಿರುವುದನ್ನು ತಿಳಿಸಿ, ಎರಡು ವರ್ಷ ಕಾಯಿರಿ ಎಂದೆವು. ಅಲ್ಲಿ ಸೇರಬೇಕಾದರೂ ಕಾಗದದ ಮೇಲೆ ಕೈ ಓಡಬೇಕು. ಆದ್ದರಿಂದ ಪಾಟಿಯ ಜೊತೆಗೆ ಒಂದು ಚಿತ್ರದ ಪುಸ್ತಕವೂ ಪೆನ್ಸಿಲೂ ಇರಲೇಬೇಕು.

ಮೂರನೆಯ ದಿನ ಸಿದ್ಧಕಟ್ಟೆಯ ಮೇಲಿಂದ ಮೂಡುಬಿದಿರೆಗೆ ಹೋದೆವು. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು ಜನ ಸಾವಿರ ಕಂಬದ ಬಸದಿಯೆಂದೇ ಕರೆಯುತ್ತಾರೆ. ಕಂಬದಿಂದ ಕಂಬಕ್ಕೆ ಕೆತ್ತನೆ ಬೇರೆ ಬೇರೆ. ಇದು ಜೈನ ಬಾಂಧವರ ಪೂಜಾಸ್ಥಾನವಾದ್ದರಿಂದ ಅಲ್ಲಿದ್ದವರನ್ನು ಕೇಳಿ, ದಾರಿಗೆ ಅಡ್ಡವಾಗದಂತೆ ಜಗಲಿಯ ಮೂಲೆಯಲ್ಲಿ ಕುಳಿತೆವು. ತಂತ್ರಾಂಶದಲ್ಲಿ ಒಂದು ಸೌಕರ್ಯವುಂಟು: ನಡುವೆ ಒಂದು ಗೆರೆ ಇಟ್ಟರೆ, ಎಡಕ್ಕೆ ಬಿಡಿಸಿದ್ದೆಲ್ಲ ತಾನಾಗಿಯೇ ಬಲಕ್ಕೂ ಕನ್ನಡಿಯಂತೆ ಮೂಡುತ್ತದೆ. ಕಂಬ ಅರ್ಧ ಗಂಟೆಯೊಳಗೆ ಮುಗಿಯಿತು, ಹುಡುಗಿ ಹಿಗ್ಗಿದಳು. ಕಲ್ಲಿನ ಕಂಬದೊಡನೆ ಹೋಲಿಸಿ ನೋಡಿದಾಗ ಮಾತ್ರ ಏನೋ ಕೊರತೆ ತೋರಿತು. ಕಲ್ಲುಕುಟಿಗನ ಎಡಗಡೆಯ ಹೂವಿಗೂ ಬಲಗಡೆಯ ಹೂವಿಗೂ ಕೂದಲೆಳೆಯ ಅಂತರವಿತ್ತು. ನಮ್ಮ ಕಂಬದಲ್ಲಿ ಅದು ಇರಲಿಲ್ಲ. ಆ ಸೌಕರ್ಯವನ್ನು ಕಂಬದ ಒಡಲಿಗೆ ಮಾತ್ರ ಇಟ್ಟುಕೊಂಡು, ಹೂಬಳ್ಳಿಯನ್ನು ಎರಡೂ ಕಡೆ ಕೈಯಿಂದಲೇ ಬಿಡಿಸಲು ಆಕೆ ತಾನಾಗಿಯೇ ನಿಶ್ಚಯಿಸಿದಳು. ಮಧ್ಯಾಹ್ನ ಮೂರು ಗಂಟೆಯಾಯಿತು. ತಾಯಿಗೆ ಹಸಿವಾಗಿತ್ತು, ಆದರೂ ತಡೆಯಲಿಲ್ಲ.

ಮೂಡುಬಿದಿರೆಯಲ್ಲಿ ಚಿತ್ರ ಕಲಿಯುವವರು ತಿಳಿಯಬೇಕಾದ ಇನ್ನೊಂದು ನಿಧಿಯಿದೆ. ಷಟ್ಖಂಡಾಗಮವೆಂಬ ಜೈನಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ಟೀಕೆಯ ತಾಳೆಗರಿಯ ಪ್ರತಿಗಳು ಇಲ್ಲಿ ಶತಮಾನಗಳಿಂದ ಕಾಪಾಡಲ್ಪಟ್ಟಿವೆ. ಹನ್ನೆರಡನೆಯ ಶತಮಾನದಷ್ಟು ಹಿಂದಿನ, ಹಳಗನ್ನಡ ಲಿಪಿಯ ಆ ಗರಿಗಳಲ್ಲಿ ಕೆಲವಕ್ಕೆ ಬಣ್ಣದ ಚಿತ್ರಗಳಿವೆ. ಅಂದರೆ, ಬಸವಾದಿ ಶರಣರು ಕಲ್ಯಾಣದಲ್ಲಿದ್ದ ಶತಮಾನದಲ್ಲಿಯೇ ಬೇರೊಂದೆಡೆ ಒಬ್ಬ ಚಿತ್ರಕಾರ ಗರಿಯ ಕೆಲವೇ ಬೆರಳಗಲದ ಜಾಗದಲ್ಲಿ ತೀರ್ಥಂಕರರನ್ನೂ ಯಕ್ಷಯಕ್ಷಿಯರನ್ನೂ ಭಕ್ತರನ್ನೂ ಕೂಡಿಸುತ್ತಿದ್ದ. ಅವನಿಗೆ ಹಿಗ್ಗಿಸಲು ಬರುತ್ತಿರಲಿಲ್ಲ, ಹಿಂದಕ್ಕೆ ಒತ್ತಲು ಬರುತ್ತಿರಲಿಲ್ಲ. ನಾವು ಆ ಚಿತ್ರಗಳನ್ನು ಪುಸ್ತಕದ ಅಚ್ಚಿನಲ್ಲಷ್ಟೇ ಕಂಡವರು. ಅಚ್ಚಿನಲ್ಲಿಯೂ ಆ ಕಪ್ಪು ಅಂಚಿನ ಗೆರೆ ತಡವರಿಸಿದ ಹಾಗೆ ಎಲ್ಲಿಯೂ ಕಾಣುವುದಿಲ್ಲ.

ಇದನ್ನು ಕೇಳಿದ ಹುಡುಗಿಗೆ ಒಂದು ಯೋಚನೆ ಹೊಳೆಯಿತು. ಟ್ಯಾಬ್ಲೆಟ್ಟಿನಲ್ಲಿ ಹಾಳೆಯ ಅಳತೆಯನ್ನು ನಾವೇ ಗೊತ್ತುಮಾಡಬಹುದಲ್ಲವೇ. ತಾಳೆಗರಿಯಂತೆ ಉದ್ದವಾದ, ಕಿರಿದಾದ ಹಾಳೆಯೊಂದನ್ನು ತೆರೆದಳು. ಬಣ್ಣ ನಾಲ್ಕೇ: ಕೆಂಪು, ಹಳದಿ, ಹಸಿರು, ಕಪ್ಪು. ಮೊದಲು ಅಂಚಿನ ಗೆರೆ, ಆಮೇಲೆ ಒಂದೇ ಸಮನೆಯ ಬಣ್ಣ, ನೆರಳಿಲ್ಲ, ಹೊಳಪಿಲ್ಲ. ವಿಷಯ, ಹಿಂದಿನ ಸಂಜೆ ಯಂತ್ರಕ್ಕೆ ತಿಳಿಯದೆ ಹೋದ ಅಜ್ಜಿಯ ಬಾವಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಯೋಚಿಸಲಾರೆವು: ಜಾಗ ಕಿರಿದಾದ್ದರಿಂದ ಬೇಡದ್ದನ್ನು ಬಿಡಲು ಕಲಿಯಬೇಕು, ಬಣ್ಣ ಕಡಿಮೆಯಾದ್ದರಿಂದ ಯಾವುದರ ಪಕ್ಕದಲ್ಲಿ ಯಾವುದು ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೇಸಿಗೆಯಲ್ಲಿ ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ ಆಕೆ ಪರದೆಯ ಮೇಲೆ ಝಗಝಗಿಸುವ ಆಮಂತ್ರಣವೊಂದನ್ನು ಮಾಡಿಕೊಟ್ಟಿದ್ದಳಂತೆ. ಅಚ್ಚಾಗಿ ಬಂದಾಗ ಬಣ್ಣ ಮಂಕು, ಅಕ್ಷರಗಳ ಅಂಚು ಹಲ್ಲುಹಲ್ಲು. ಅಚ್ಚಿನವರ ತಪ್ಪೇನಿಲ್ಲ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸಲಾರದು; ಆದ್ದರಿಂದ ಆ ಹೊಳೆಯುವ ಹಸಿರು, ನೀಲಿಗಳು ಮಸಿಯಲ್ಲಿ ಬರುವುದಿಲ್ಲ. ಹಲ್ಲುಹಲ್ಲಾಗುವುದಕ್ಕೆ ಕಾರಣ ಹಾಳೆಯ ಅಳತೆ. ಎ4 ಕಾಗದದ ಮೇಲೆ ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ವಚ್ಛವಾಗಿ ಅಚ್ಚಾಗಬೇಕಾದರೆ 2480ಕ್ಕೆ 3508 ಚುಕ್ಕಿಗಳ ಹಾಳೆ ಬೇಕು. ಆಕೆ 1080 ಚುಕ್ಕಿಗಳ ಅಗಲದಲ್ಲಿ ಬಿಡಿಸಿದ್ದಳು. ಈ ಅಳತೆಯನ್ನು ಚಿತ್ರ ಆರಂಭಿಸುವ ಮುನ್ನವೇ ಇಡಬೇಕು, ಮುಗಿದ ಮೇಲೆ ಹಿಗ್ಗಿಸಿದರೆ ಫಲವಿಲ್ಲ. ಆಕೆ ಮತ್ತೆ ಯಾವ ಚಿತ್ರವನ್ನೂ ಮುಗಿಸದೆ ಹೋದದ್ದಕ್ಕೆ ಆ ದಿನ ಬಂಧುಗಳು ಆಡಿದ ನಗೆಮಾತೂ ಒಂದು ಕಾರಣವೆಂದು ತಾಯಿಗೆ ಆಗಲೇ ಹೊಳೆದದ್ದು.

ನಾವು ಹೊರಡುವ ದಿನ ಆಕೆಗೆ ಮುಂದಿನ ಕೆಲಸವೊಂದನ್ನು ಹೇಳಿ ಬಂದೆವು. ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಅವರ ತೆಂಕಣ ಗಾಳಿಯಾಟ ಕವಿತೆಗೆ ಚಿತ್ರ ಬರೆ ಎಂದೆವು. ತನ್ನ ಊರಿನವರೇ ಎಂಬುದು ಆಕೆಗೆ ಗೊತ್ತಿರಲಿಲ್ಲ. ಗಾಳಿಯನ್ನು ಹೇಗೆ ಬಿಡಿಸುವುದು ಎಂಬ ಪ್ರಶ್ನೆಯೊಂದಿಗೆ ಆಕೆ ಇನ್ನೂ ಸೆಣಸುತ್ತಿದ್ದಾಳೆಂದು ಮೊನ್ನೆ ತಾಯಿ ಪತ್ರ ಬರೆದಿದ್ದಾರೆ. ದಿನಕ್ಕೆ ಒಂದು ಗಂಟೆ, ಓದು ಮುಗಿದ ಮೇಲೆ ಎಂಬ ಒಪ್ಪಂದವಾಗಿದೆಯಂತೆ. ಎಲ್ಲ ದಿನವೂ ಅದು ಪಾಲನೆಯಾಗುತ್ತಿಲ್ಲವಂತೆ.

ಗರಿಯ ಚಿತ್ರವನ್ನು ಅಚ್ಚು ಹಾಕಿಸಿ ದೀಪಾವಳಿ ಮುಗಿದ ಮೇಲೆ ಹಾವೇರಿಯ ಕಡೆಯ ಊರಿಗೆ ಒಯ್ದು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ‘ಎಲ್ಲಾ ಬರೋಬರಿ ಐತಿ ತಂಗಿ, ಗಡಗಡಿ ಮಾತ್ರ ಈ ದಂಡಿಗೆ ಇರಲಿಲ್ಲ. ಬೇವಿನ ಗಿಡದ ಕಡೀಗಿತ್ತು’ ಎಂದರಂತೆ. ಹುಡುಗಿ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಟ್ಯಾಬ್ಲೆಟ್ ತೆರೆದು, ಗಡಗಡಿಯ ಪದರವನ್ನು ಬೇವಿನ ಗಿಡದ ಕಡೆಗೆ ಸರಿಸಿದಳು.